ಮುಲುಂಡಿನ ಡೀಲಣ್ಣ

ಮುಲುಂಡ್ ಪಶ್ಚಿಮದ ಯಾವ ಹೌಸಿಂಗ್ ಸೊಸೈಟಿಯನ್ನು ಹೊಕ್ಕರೂ ಅಲ್ಲೊಬ್ಬ ಡೀಲಣ್ಣ ಇದ್ದೇ ಇರುತ್ತಾನೆ. ಊರು ಕುಂದಾಪುರದ ಕಡೆಯದೋ ಧಾರವಾಡದ್ದೋ, ನೌಕರಿ ಫೋರ್ಟಿನ ಬ್ಯಾಂಕಿನಲ್ಲೋ ವಿಮಾ ಕಚೇರಿಯಲ್ಲೋ, ವ್ರತ ಮಾತ್ರ ಒಂದೇ. ಅವನ ಮೊಬೈಲಿನಲ್ಲಿ ಟೆಲಿಗ್ರಾಂ ಚಾನೆಲ್ಲುಗಳು ಹಗಲೂ ರಾತ್ರಿಯೂ 'ಲೂಟ್ ಡೀಲ್, ಬೇಗ ಬೇಗ' ಎಂದು ಬಾಯಿ ಬಡಿದುಕೊಳ್ಳುತ್ತಿರುತ್ತವೆ. ಬೆಲೆ ಬರೆಯುವಾಗ ಯಾವನೋ ವ್ಯಾಪಾರಿ ಒಂದು ಸೊನ್ನೆ ನುಂಗಿದನೆಂದರೆ, ಅದು ವ್ಯಾಪಾರಿಗೆ ಗೊತ್ತಾಗುವ ಮುನ್ನ ಘಾಟ್ಕೋಪರ್ ದಾಟುತ್ತಿರುವ ಫಾಸ್ಟ್ ಲೋಕಲ್ಲಿನಲ್ಲಿ ಒಂಟಿ ಕಾಲಲ್ಲಿ ನಿಂತ ಡೀಲಣ್ಣನಿಗೆ ಗೊತ್ತಾಗಿರುತ್ತದೆ. 2021ರ ಜುಲೈಯಲ್ಲಿ ಅಮೆಜಾನ್‌ನಲ್ಲಿ 96,700 ರೂಪಾಯಿಯ ತೊಶಿಬಾ ಎಸಿ 5,900ಕ್ಕೆ ಕಾಣಿಸಿಕೊಂಡಿತಲ್ಲ, ಅಂಥ ದಿನಗಳೇ ಅವನ ಪಂಚಾಂಗದ ಹಬ್ಬಗಳು. ಮನೆಯಲ್ಲಿ ಮೂರು ಮಿಕ್ಸರುಗಳು ಪೆಟ್ಟಿಗೆ ಬಿಚ್ಚದೆ ಮಂಚದಡಿ ತಪಸ್ಸು ಮಾಡುತ್ತಿರುತ್ತವೆ. ಹೆಂಡತಿ ರುಬ್ಬುವುದು ಮಾತ್ರ ನಾಲ್ಕನೆಯದರಲ್ಲಿ. ಅದನ್ನು ಅವಳೇ ಪೂರ್ತಿ ದುಡ್ಡು ಕೊಟ್ಟು ತಂದದ್ದು.

ಇವನನ್ನು ಕಳ್ಳನೆಂದರೆ ತಪ್ಪಾಗುತ್ತದೆ. ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನಲ್ಲಿ ಮಾಣಿ ಬಿಲ್ಲಿಗೆ ಒಂದು ಕಾಫಿ ಸೇರಿಸಲು ಮರೆತರೆ, ಗಲ್ಲಾದ ಶೆಟ್ಟರಿಗೆ ತಾನೇ ನೆನಪಿಸಿ ದುಡ್ಡು ಕೊಡುವ ಮನುಷ್ಯ. ಹತ್ತು ರೂಪಾಯಿ ಹೆಚ್ಚು ಚಿಲ್ಲರೆ ಬಂದರೆ ವಡಾಪಾವ್‌ನವನಿಗೆ ಹಿಂತಿರುಗಿಸುತ್ತಾನೆ. ಅದೇ ಮನುಷ್ಯ ಪರದೆಯ ಮೇಲೆ ಐವತ್ತು ಸಾವಿರದ ತಪ್ಪು ಕಂಡೊಡನೆ ಬೆರಳು ಚುರುಕು ಮಾಡುವುದೇಕೆ? ಶೆಟ್ಟರಿಗೆ ಮುಖವಿದೆ, ಕಂಪನಿಗೆ ಇಲ್ಲ, ಅಷ್ಟೆ. 'ಅಮೆರಿಕದ ಕುಬೇರನ ಜೇಬಿನಿಂದ ಒಂದು ಚಮಚ ಹೋದರೆ ಏನೀಗ?' ಎನ್ನುವುದು ಅವನ ಸಮರ್ಥನೆ. ಚಮಚ ಹೋಗುವುದು ಬೇರೆ ಜೇಬಿನಿಂದ. ವಿದೇಶಿ ಬಂಡವಾಳದ ಮಾರುಕಟ್ಟೆ ತಾಣಗಳು ತಮ್ಮದೇ ಸರಕು ಇಟ್ಟು ಮಾರುವಂತಿಲ್ಲ ಎಂಬುದು ನಮ್ಮ ನಿಯಮ. 2019ರ ಫೆಬ್ರುವರಿಯಿಂದ ಅದು ಇನ್ನಷ್ಟು ಬಿಗಿಯಾಗಿದೆ. ಹಾಗಾಗಿ ಅಲ್ಲಿ ಮಾರುವವನು ಎಷ್ಟೋ ಸಲ ಚೆಕ್‌ನಾಕಾ ದಾಟಿ ಥಾಣೆ ಕಳೆದರೆ ಸಿಗುವ ಭಿವಂಡಿಯ ಗೋದಾಮಿನಲ್ಲಿ ನಾಲ್ಕು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡವನು, ಸಾಲದ ಕಂತು ಕಟ್ಟುವವನು. 2014ರ ಡಿಸೆಂಬರ್ 12ರ ಸಂಜೆ ಬ್ರಿಟನ್ನಿನಲ್ಲಿ ಬೆಲೆ ಹೊಂದಿಸುವ ಒಂದು ತಂತ್ರಾಂಶ ಕೆಟ್ಟು, ಸುಮಾರು ಒಂದು ತಾಸು ಸಾವಿರಾರು ಸಾಮಾನು ಒಂದೊಂದು ಪೆನ್ನಿಯ ಬೆಲೆಗೆ ಮಾರಾಟವಾದವು. ಬಹಳಷ್ಟು ಆರ್ಡರುಗಳನ್ನು ಅಮೆಜಾನ್ ರದ್ದು ಮಾಡಿತು. ಆದರೆ ಆಗಲೇ ಗೋದಾಮಿನಿಂದ ಹೊರಟಿದ್ದ ಸರಕಿನ ಪೆಟ್ಟು ಬಿದ್ದದ್ದು ಮನೆಮಂದಿಯೆಲ್ಲ ಸೇರಿ ನಡೆಸುವ ಸಣ್ಣ ಅಂಗಡಿಗಳಿಗೆ.

ಡೀಲಣ್ಣನ ಬತ್ತಳಿಕೆಯಲ್ಲಿ ಬಾಣಗಳು ಇನ್ನೂ ಇವೆ, ಕೆಲವು ಚೂಪಾಗಿಯೇ ಇವೆ. 'ತಪ್ಪು ಬೆಲೆ ಎಂದು ನಾನು ತಿಳಿಯುವುದು ಹೇಗೆ? ಶವೋಮಿಯವರು 2016ರಲ್ಲಿ ಒಂದು ರೂಪಾಯಿಗೆ ಫೋನ್ ಮಾರಲಿಲ್ಲವೇ? ಅದೇ ವರ್ಷ 251 ರೂಪಾಯಿಯ ಫೋನಿಗೆ ದೇಶವೇ ಮುಗಿಬೀಳಲಿಲ್ಲವೇ?' ಒಪ್ಪಬೇಕಾದ ಮಾತು. ಗೀಟು ಎಳೆದ ಎಂಆರ್‌ಪಿಯ ಪಕ್ಕ ವರ್ಷವಿಡೀ ಶೇ. 80 ರಿಯಾಯಿತಿ ಬರೆದಿಟ್ಟು ಗಿರಾಕಿಯ ಅಳತೆಗೋಲನ್ನು ಮುರಿದವರು ವ್ಯಾಪಾರಿಗಳೇ. 2022ರಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಅಮೆಜಾನ್‌ನಲ್ಲಿ 25,999 ರೂಪಾಯಿಗೆ ಕೂತಿತ್ತು, ಅದೂ ಶೇ. 28 ಕಡಿತದ ನಂತರ! ಇಂಥ ಸಂತೆಯಲ್ಲಿ ಮನೆಗೊಂದು ಬೇಕೆಂದು, ನಂಬಿ, ಒಂದು ಕ್ಲಿಕ್ ಮಾಡಿದವನಲ್ಲಿ ನನಗೆ ದೋಷ ಕಾಣುವುದಿಲ್ಲ. ಆದರೆ ಡೀಲಣ್ಣ ನಂಬಿದವನಲ್ಲ. ನಂಬಿದವನ ನಡತೆಯೇ ಬೇರೆ. ನಂಬಿದವನು ನಾಳೆ ಬೆಳಿಗ್ಗೆ ನಿಧಾನವಾಗಿ ಕೊಳ್ಳುತ್ತಾನೆ, ಇವನು ರಾತ್ರಿ ಎರಡಕ್ಕೆ ಎದ್ದು ಕೊಳ್ಳುತ್ತಾನೆ. ನಂಬಿದವನು ಒಂದು ಕೊಳ್ಳುತ್ತಾನೆ, ಇವನು ತನ್ನದು, ಹೆಂಡತಿಯದು, ಊರಲ್ಲಿರುವ ಭಾವನದು ಎಂದು ಮೂರು ಖಾತೆಗಳಿಂದ ಹನ್ನೆರಡು. ಸೊಸೈಟಿಯ ವಾಟ್ಸಾಪ್ ಬಳಗಕ್ಕೆ ಸುದ್ದಿ ಹಾಕುವುದು ತನ್ನ ಆರ್ಡರ್ ಖಾತ್ರಿಯಾದ ಮೇಲೆ. ಅದಕ್ಕಿಂತ ಮುಂಚೆ ಯಾರೂ ಗ್ರಾಹಕ ಸೇವೆಗೆ ಫೋನ್ ಮಾಡಬಾರದೆಂದು ತಾಕೀತು ಬೇರೆ. ತಪ್ಪೆಂದು ಗೊತ್ತಿಲ್ಲದವನಿಗೆ ಇಷ್ಟೊಂದು ಗುಟ್ಟು ಯಾಕೆ ಬೇಕು?

ಕೊನೆಗೆ ಅವನು ಕಾನೂನಿಗೆ ಬರುತ್ತಾನೆ. 1872ರ ಕರಾರು ಕಾಯ್ದೆಯ 22ನೇ ಕಲಂ ಬಾಯಿಪಾಠ: ಒಬ್ಬನು ಮಾತ್ರ ತಪ್ಪು ತಿಳಿದಿದ್ದನೆಂಬ ಒಂದೇ ಕಾರಣಕ್ಕೆ ಕರಾರು ರದ್ದಾಗದು. ಜೊತೆಗೆ ಒಡಿಶಾದ ಕಾನೂನು ವಿದ್ಯಾರ್ಥಿಯ ಪ್ರಕರಣ. 2014ರಲ್ಲಿ 23,499 ರೂಪಾಯಿಯ ಲ್ಯಾಪ್‌ಟಾಪನ್ನು 190ಕ್ಕೆ ಬುಕ್ ಮಾಡಿದ, ಅಮೆಜಾನ್ ರದ್ದು ಮಾಡಿತು, 2021ರಲ್ಲಿ ರಾಜ್ಯ ಗ್ರಾಹಕ ಆಯೋಗ ಅವನಿಗೆ ಒಟ್ಟು 45,000 ರೂಪಾಯಿ ಕೊಡಿಸಿತು. ಇದನ್ನು ಹೇಳುವಾಗ ಡೀಲಣ್ಣನ ಎದೆ ಉಬ್ಬುತ್ತದೆ. ಆದರೆ ಆ ಹುಡುಗ ಕೇಳಿದ್ದು ಓದಿಗೆ ಬೇಕಾದ ಒಂದು ಲ್ಯಾಪ್‌ಟಾಪ್. ಖಾತ್ರಿ ಕೊಟ್ಟು ಕೈ ಎತ್ತಿದ ಕಂಪನಿಗೆ ದಂಡ ಬಿತ್ತು, ಅದು ನ್ಯಾಯವೇ. ಮಂಚದಡಿಯ ಪೆಟ್ಟಿಗೆಗಳಿಗೆ ಆ ತೀರ್ಪನ್ನು ಹೊದಿಸಲಾಗದು. ಅವುಗಳಿಗೆ ಹೊಂದುವುದು ಸಿಂಗಪುರದ ಮೊಕದ್ದಮೆ. 2003ರ ಜನವರಿಯಲ್ಲಿ ಡಿಜಿಲ್ಯಾಂಡ್‌ಮಾಲ್ ತಾಣದಲ್ಲಿ 3,854 ಡಾಲರಿನ ಎಚ್‌ಪಿ ಪ್ರಿಂಟರ್ 66 ಡಾಲರಿಗೆ ಕಾಣಿಸಿತು. ಆರು ಮಂದಿ ಗೆಳೆಯರು ನಡುರಾತ್ರಿಯಲ್ಲಿ ಒಬ್ಬರನ್ನೊಬ್ಬರು ಎಬ್ಬಿಸಿ ಒಟ್ಟು 1,606 ಪ್ರಿಂಟರುಗಳನ್ನು ಆರ್ಡರ್ ಮಾಡಿದರು. ಅವರಲ್ಲಿ ವಕೀಲನೂ ಇದ್ದ. ತಪ್ಪೆಂದು ತಿಳಿದೇ ಕೊಂಡರು ಎನ್ನುವುದಕ್ಕೆ ಅವರು ಆ ರಾತ್ರಿ ಕಳಿಸಿಕೊಂಡ ಸಂದೇಶಗಳೇ ಸಾಕ್ಷಿ ನುಡಿದವು. ಕರಾರೇ ಇಲ್ಲವೆಂದು 2004ರಲ್ಲಿ ತೀರ್ಪಾಯಿತು, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಪರದೇಶದ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕದು, ನಿಜ. ಆದರೂ ಇದ್ದ ಸಂಗತಿ ಇಷ್ಟು: 1,606ರಲ್ಲಿ ಒಂದೇ ಒಂದು ಪ್ರಿಂಟರೂ ಅವರ ಕೈ ಸೇರಲಿಲ್ಲ.