ಪ್ರವೇಶಾಕಾಂಕ್ಷಿ

13ನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದು ‘ಸಂಗೀತರತ್ನಾಕರ’ವನ್ನು ರಚಿಸಿದ ಶಾರ್ಙ್ಗದೇವನು ಗಾಯಕದೋಷಗಳನ್ನು ಗಣಿಸುವಾಗ, ಹಲ್ಲು ಕಚ್ಚಿ ಹಾಡುವವನಿಗೊಂದು, ಕಣ್ಣು ಮುಚ್ಚಿ ಹಾಡುವವನಿಗೊಂದು, ಹೆದರಿ ಹಾಡುವವನಿಗೆ ಮತ್ತೊಂದು ಹೀಗೆ ಬೇರೆಬೇರೆ ಹೆಸರುಗಳನ್ನಿಟ್ಟು ದೊಡ್ಡ ಪಟ್ಟಿಯನ್ನೇ ಮಾಡಿದನು, ಹಾಡದೆಯೇ ಇರುವವನನ್ನು ಮಾತ್ರ ಅದಕ್ಕೆ ಸೇರಿಸಲಿಲ್ಲ. ಅದು ಅವನ ತಪ್ಪೇನೂ ಅಲ್ಲ. ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳಾಗಲಿ, ಅವುಗಳ ಪ್ರಾಸ್ಪೆಕ್ಟಸ್‌ಗಳಾಗಲಿ ಇಲ್ಲದಿದ್ದ ಆ ಕಾಲದಲ್ಲಿ, ಸಂಗೀತವನ್ನು ಎಲ್ಲಿ ಕಲಿಯತಕ್ಕದ್ದೆಂದು ವಿಚಾರಿಸುವುದನ್ನೇ ಒಂದು ಸ್ವತಂತ್ರ ವಿದ್ಯೆಯನ್ನಾಗಿ ಸಾಧಿಸಿದ ಪ್ರವೇಶಾಕಾಂಕ್ಷಿ ಎಂಬ ಮಹನೀಯರ ಉತ್ಪತ್ತಿಗೆ ಅವಕಾಶವೇ ಇರಲಿಲ್ಲ.

ಬೇಸಗೆ ಮುಗಿದು ಅರ್ಜಿ ಕರೆಯುವ ಕಾಲ ಸಮೀಪಿಸಿತೆಂದರೆ, ಮೈಸೂರಿನಲ್ಲಾಗಲಿ ಧಾರವಾಡದಲ್ಲಾಗಲಿ, ಬ್ಯಾಂಕಿನ ಕೆಲಸದಿಂದ ಸ್ವಯಂನಿವೃತ್ತಿ ಪಡೆದವರೋ ಪಡೆಯಬೇಕೆಂದಿರುವವರೋ ಆದ ಒಬ್ಬ ಗೃಹಸ್ಥರು, ಕಂಕುಳಲ್ಲಿ ರಟ್ಟಿನ ಫೈಲು, ಜೇಬಿನಲ್ಲಿ ಎರಡು ಬಣ್ಣದ ಪೆನ್ನುಗಳ ಸಮೇತ ಸಂಗೀತ ವಿಭಾಗದ ಮೆಟ್ಟಿಲು ಹತ್ತುತ್ತಿರುವುದನ್ನು ನೀವು ಕಂಡಿರಬೇಕು. ಹೆಣ್ಣು ನೋಡಲು ಹೋದ ಮನೆಯಲ್ಲೆಲ್ಲ ಉಪ್ಪಿಟ್ಟು ಕೇಸರಿಭಾತುಗಳನ್ನು ತೃಪ್ತಿಯಾಗಿ ಸೇವಿಸಿ, ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎಂದು ಎದ್ದುಬರುವ ವರಮಹಾಶಯನಂತೆ, ಅವರು ಈವರೆಗೆ ಎಷ್ಟು ವಿಭಾಗಗಳನ್ನು ನೋಡಿ ಬಂದಿರುವರೋ ಅವರ ಫೈಲಿಗೇ ಗೊತ್ತು.

ಸಂಸ್ಥೆಗಳ ಪೂರ್ವೋತ್ತರವನ್ನು ಅವರು ಸಂಸ್ಥೆಯವರಿಗಿಂತ ಚೆನ್ನಾಗಿ ಬಲ್ಲರು. 1886ರಲ್ಲಿ ಬರೋಡೆಯಲ್ಲಿ ಮೌಲಾಬಕ್ಷರು ತೆರೆದ ಗಾಯನಶಾಲೆ, 1901ರಲ್ಲಿ ಲಾಹೋರಿನಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಸ್ಥಾಪಿಸಿದ ಗಾಂಧರ್ವ ಮಹಾವಿದ್ಯಾಲಯ, 1926ರಲ್ಲಿ ಭಾತಖಂಡೆಯವರ ಪ್ರಯತ್ನದಿಂದ ಲಖನೌದಲ್ಲಿ ಎದ್ದ ಕಾಲೇಜು, ಚಿದಂಬರದ ಅಣ್ಣಾಮಲೈನಗರ, ಮದರಾಸು ವಿಶ್ವವಿದ್ಯಾಲಯದಲ್ಲಿ ಸಾಂಬಮೂರ್ತಿಗಳ ಕಾಲ, ಇವೆಲ್ಲವೂ ಅವರಿಗೆ ಬಾಯಿಪಾಠ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಹೆಸರಿನ ವಿಶ್ವವಿದ್ಯಾಲಯವು ವೀಣೆ ಶೇಷಣ್ಣನವರ ಮೈಸೂರಿನಲ್ಲಿರುವುದು ಸಮನ್ವಯವೋ ವಿಪರ್ಯಾಸವೋ ಎಂಬುದನ್ನು ಕುರಿತು ಎರಡು ಪಕ್ಷಗಳನ್ನೂ ತಾವೇ ವಹಿಸಿ ವಾದಿಸಬಲ್ಲರು. ಗಂಗೂಬಾಯಿಯವರು ಸವಾಯಿ ಗಂಧರ್ವರ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದ ಪ್ರಸಂಗ ಬಂದಾಗ ಭಕ್ತಿಯಿಂದ ಕೈಮುಗಿದು, ಮುಗಿದ ಕೈಗಳನ್ನು ಬಿಡಿಸುವ ಮುನ್ನವೇ, ವಿದ್ಯಾರ್ಥಿಗಳಿಗೆ ಬಸ್ ಪಾಸು ಯಾವ ತಿಂಗಳಿನಿಂದ ಕೊಡುತ್ತೀರಿ ಎಂದು ಗುಮಾಸ್ತರನ್ನು ಕೇಳುತ್ತಾರೆ.

ಇಷ್ಟರಿಂದಲೇ ಅವರನ್ನು ಅವಿವೇಕಿಗಳೆಂದು ತಿಳಿದರೆ ಅನ್ಯಾಯವಾದೀತು. ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಯು ವಿಶ್ವವಿದ್ಯಾಲಯಕ್ಕೆ ಕೊಟ್ಟ ‘ಎ’ ಬೇರೆ, ಆಕಾಶವಾಣಿಯು ಕಲಾವಿದರಿಗೆ ಕೊಡುವ ‘ಎ’ ಬೇರೆ, ಮೊದಲನೆಯದರಲ್ಲಿ ಕಡತಗಳಿಗೂ ಕಟ್ಟಡಕ್ಕೂ ಪಾಲುಂಟು, ಎರಡನೆಯದರಲ್ಲಿ ಕಂಠಕ್ಕೆ ಮಾತ್ರ, ಎಂದು ಅವರು ವಿಂಗಡಿಸಿ ಹೇಳುವಾಗ ನಾನಂತೂ ತಲೆದೂಗಿದ್ದೇನೆ. ‘ತೋಡಿಯನ್ನು ಮೂರನೆಯ ಸೆಮಿಸ್ಟರಿನಲ್ಲಿ ಮುಗಿಸುತ್ತಾರಂತೆ, ಸ್ವಾಮೀ! ಮುಗಿಸುವವರು ಯಾರು, ಮುಗಿಯುವುದು ಯಾವುದು?’ ಎಂದು ಅವರು ಒಮ್ಮೆ ಉದ್ಗರಿಸಿದುದಕ್ಕೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಆದರೆ ಅವರ ಪ್ರತಿಭೆಯನ್ನು ನೋಡಬೇಕಾದರೆ ತಂಬೂರಿಗಳ ಕೊಠಡಿಗೇ ಹೋಗಬೇಕು. ವಿಭಾಗದ ಮುಖ್ಯಸ್ಥರ ಕೊಠಡಿಯನ್ನು ಅರೆಗಣ್ಣಿನಿಂದ ದಾಟಿ, ಗೋಡೆಯ ಮೇಲಿನ ಸಂಗೀತ ತ್ರಿಮೂರ್ತಿಗಳ ಪಟಕ್ಕೆ ನಮಸ್ಕರಿಸಿ, ಮೂಲೆಯಲ್ಲಿ ಸಾಲಾಗಿ ಒರಗಿಸಿದ ತಂಬೂರಿಗಳ ಮುಂದೆ ಅವರು ಮಂಡಿಯೂರಿ ಕುಳಿತುಕೊಳ್ಳುತ್ತಾರೆ. ಮೊದಲು ಬುರುಡೆಯ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ಧೂಳಿನ ವಯಸ್ಸನ್ನು ಅಂದಾಜು ಮಾಡುವರು. ಆಮೇಲೆ ಕನ್ನಡಕವನ್ನು ಹಣೆಗೇರಿಸಿ, ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಹತ್ತಿಯ ಎಳೆ ಇದೆಯೋ ಇಲ್ಲವೋ ಎಂದು ಮೂಗು ತಾಗುವಷ್ಟು ಬಗ್ಗಿ ಪರಿಶೀಲಿಸುವರು. ಆ ಎಳೆಯನ್ನು ಒಂದು ಕೂದಲಿನಷ್ಟು ಇತ್ತ ಸರಿಸಿದರೆ ತಂತಿ ಸತ್ತಂತೆ ಮಿಡಿಯುತ್ತದೆ, ಅತ್ತ ಸರಿಸಿದರೆ ನಾದವು ಝೇಂಕರಿಸಿ ಕೊಠಡಿಯನ್ನೆಲ್ಲ ತುಂಬುತ್ತದೆ. ಎಳೆಯೇ ಇಲ್ಲದಿದ್ದರೆ ಆ ತಂಬೂರಿಯನ್ನು ಯಾರೂ ಮೀಟುತ್ತಿಲ್ಲವೆಂದು ಅರ್ಥ. ಆಗ ಅವರು ಎದ್ದುನಿಂತು, ಕಿಟಕಿಯ ಮೇಲೆ ಹಾಡುತ್ತಿರುವ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯತ್ತ ಕರುಣೆಯಿಂದ ನೋಡಿ, ಕೆಂಪು ಪೆನ್ನು ತೆಗೆಯುತ್ತಾರೆ. ನ್ಯಾಕ್ ಸಮಿತಿಯವರು ಅವರನ್ನು ಜೊತೆಗೆ ಕರೆದೊಯ್ಯಬಾರದೇಕೆ ಎಂದು ನನಗೆ ಹಲವು ಬಾರಿ ಅನ್ನಿಸಿದೆ.

ಇಷ್ಟು ವರ್ಷಗಳ ಅನ್ವೇಷಣೆ ಅತಿಯಾಯಿತಲ್ಲವೇ ಎಂದು ಯಾರಾದರೂ ಕೇಳಿದರೆ ಅವರಲ್ಲಿ ಪ್ರಮಾಣ ಸಿದ್ಧವಾಗಿದೆ. ಭೀಮಸೇನ ಜೋಶಿಯವರು 1933ರಲ್ಲಿ, ಇನ್ನೂ ಹನ್ನೊಂದರ ಬಾಲಕರಾಗಿರುವಾಗಲೇ, ಗದಗಿನ ಮನೆಯನ್ನು ಬಿಟ್ಟು ಗುರುವನ್ನು ಅರಸುತ್ತ ಗ್ವಾಲಿಯರಿಗೆ ಹೋಗಿ, ಅಲ್ಲಿನ ಮಾಧವ ಸಂಗೀತ ವಿದ್ಯಾಲಯವನ್ನು ನೋಡಿ, ಅಲ್ಲಿಂದ ಎಲ್ಲೆಲ್ಲೋ ಅಲೆದು, ಜಲಂಧರದವರೆಗೂ ಹೋಗಿ, ಕೊನೆಗೆ ತಮ್ಮ ಊರಿನ ಹತ್ತಿರದ ಕುಂದಗೋಳಕ್ಕೇ ಬಂದು ಸವಾಯಿ ಗಂಧರ್ವರ ಪಾದ ಹಿಡಿಯಲಿಲ್ಲವೇ? ಇದು ನಿಜ. ಆ ಬಾಲಕನು ಟಿಕೆಟಿಲ್ಲದೆ ರೈಲು ಹತ್ತಿ, ದಾರಿಯುದ್ದಕ್ಕೂ ಪ್ರಯಾಣಿಕರೆದುರು ಹಾಡಿ ಹೊಟ್ಟೆ ಹೊರೆದುಕೊಂಡನೆಂಬ ಭಾಗವು ಅವರ ಪ್ರಮಾಣಗ್ರಂಥದಲ್ಲಿ ಹೇಗೋ ಲೋಪವಾಗಿದೆ. ಅವರು ಪ್ರಯಾಣಿಸುವುದು ಮೀಸಲು ಬೋಗಿಯಲ್ಲಿ, ಮಫ್ಲರ್ ಸುತ್ತಿಕೊಂಡು.

ಅವರು ಹಾಡುವ ಸಂದರ್ಭವೊಂದು ಒದಗಿಯೇ ಬಿಟ್ಟ ಕಥೆ ಹೀಗಿದೆ. ಪಕ್ಕದ ಮನೆಯ ಹುಡುಗಿಯೊಬ್ಬಳು ಸಂಗೀತದ ಪದವಿಗೆ ಸೇರಬೇಕೆಂದಾಗ, ಇಂಥ ವಿಷಯಗಳಲ್ಲಿ ನಿಮಗಿಂತ ಬಲ್ಲವರುಂಟೇ ಎಂದು ಅವಳ ತಂದೆ ಇವರನ್ನೇ ಜೊತೆಮಾಡಿ ಕಳಿಸಿದರು. ಪ್ರವೇಶ ಪರೀಕ್ಷೆಯ ಕೊಠಡಿಯಲ್ಲಿ ಹಿರಿಯ ಅಧ್ಯಾಪಕಿಯೊಬ್ಬರು ಇವರ ಪ್ರಶ್ನಾವಳಿಗೆಲ್ಲ ತಾಳ್ಮೆಯಿಂದ ಉತ್ತರಿಸಿದರು: ಹಾಜರಾತಿ, ಹಾಸ್ಟೆಲು, ಮೃದಂಗದವರು ಖಾಯಮ್ಮೋ ತಾತ್ಕಾಲಿಕವೋ, ಗ್ರಂಥಾಲಯದಲ್ಲಿ ‘ಚತುರ್ದಂಡಿ ಪ್ರಕಾಶಿಕೆ’ ಇದೆಯೋ, ಇದ್ದರೆ ಯಾರಾದರೂ ಎರವಲು ಪಡೆದಿರುವರೋ, ವಯೋಮಿತಿಯ ನಿಯಮಕ್ಕೆ ಅಪವಾದವುಂಟೋ. ಕೊನೆಯ ಪ್ರಶ್ನೆಯ ಮರ್ಮವನ್ನು ಗ್ರಹಿಸಿ ಆಕೆ ತಂಬೂರಿಯನ್ನು ಎಳೆದುಕೊಂಡರು.

“ಬಹಳ ಸಂತೋಷ. ನಿಮ್ಮ ಶ್ರುತಿ ಯಾವುದು ಹೇಳಿ, ಸೇರಿಸುತ್ತೇನೆ. ಒಂದು ವರ್ಣ ಹಾಡಿ, ಕೇಳೋಣ.”

“ಆದಿತಾಳದ್ದೋ ಅಟತಾಳದ್ದೋ, ಮೇಡಂ?”

“ಯಾವುದಾದರೂ ಆದೀತು.”

“ಅದು ನಿಮ್ಮ ಪ್ರಾಸ್ಪೆಕ್ಟಸ್‌ನಲ್ಲಿ ಸ್ಪಷ್ಟವಾಗಿಲ್ಲ,” ಎಂದು ಇವರು ಕೆಂಪು ಪೆನ್ನಿನಿಂದ ಗುರುತು ಹಾಕಿಕೊಂಡು, ಎರಡು ಸಲ ಕೆಮ್ಮಿ, ಊರಿನ ನೀರು ಬದಲಾದುದರಿಂದ ಗಂಟಲು ಕಟ್ಟಿದೆಯೆಂದು ನಿವೇದಿಸಿದರು. ಆಕೆ ಮೆಣಸಿನ ಕಷಾಯ ತರಿಸುತ್ತೇನೆಂದರು. ಕಷಾಯ ಉಷ್ಣವೆಂದು ಇವರು. ಹಾಗಾದರೆ ಸರಳೆ ವರಸೆಯೇ ಸಾಕು, ಒಂದೇ ಕಾಲದಲ್ಲಿ, ಎಂದು ಆಕೆ ನಾಲ್ಕು ತಂತಿಗಳನ್ನೂ ಮೀಟುತ್ತ ಕಾದರು. ಇವರು ಕಿಟಕಿಯಾಚೆ ನೋಡುತ್ತ, ಈ ತಂಬೂರಿಯಲ್ಲಿ ಪಂಚಮ ತುಸು ಇಳಿದಿದೆಯಲ್ಲವೇ ಎಂದರು. ಆಕೆ ಕಿವಿಗೊಟ್ಟು ಕೇಳಿ, ಹೌದೆಂದು ಒಪ್ಪಿ ಏರಿಸಿದರು. ಪಂಚಮ ನಿಜವಾಗಿಯೂ ಇಳಿದಿತ್ತು.

“ನೀನು ಹಾಡ್ತೀಯೇನಮ್ಮ?” ಎಂದು ಆಕೆ ಕೊನೆಗೆ ಹುಡುಗಿಯತ್ತ ತಿರುಗಿದರು. ಅವಳು ಹಾಡಿದಳು, ಸೇರಿದಳು. ಸ್ನಾತಕೋತ್ತರ ಪದವಿಯನ್ನೂ ಮುಗಿಸಿ, ಈಗ ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಳೆ.

ಕಳೆದ ಜೂನಿನಲ್ಲಿ ನಮ್ಮ ಪ್ರವೇಶಾಕಾಂಕ್ಷಿಗಳು ಅಲ್ಲಿಗೆ ಮರುಪರಿಶೀಲನೆಗೆ ಹೋಗಿದ್ದರು. “ಬನ್ನಿ ಮಾಮ, ಈ ವರ್ಷವಾದರೂ ಅರ್ಜಿ ಹಾಕ್ತೀರಾ?” ಎಂದು ಅವಳು ಕುರ್ಚಿ ಕೊಟ್ಟು ಕಾಫಿ ತರಿಸಿದಳಂತೆ. ಕಾಫಿ ಚೆನ್ನಾಗಿತ್ತೆಂದೂ, ತಂಬೂರಿಗಳಿಗೆಲ್ಲ ಈಗ ಹತ್ತಿಯ ಎಳೆ ಇದೆಯೆಂದೂ ಫೈಲಿನಲ್ಲಿ ನೀಲಿ ಪೆನ್ನಿನಿಂದ ನಮೂದಾಗಿದೆ. ಅಧ್ಯಾಪಕವರ್ಗದ ಎದುರಿಗೆ ಮಾತ್ರ ಕೆಂಪು: ‘ತೀರ ಎಳೆಯರು. ಇನ್ನೊಂದೆರಡು ವರ್ಷ ನೋಡಿ ಸೇರತಕ್ಕದ್ದು.’