ದೋಣಿಮನೆಯ ಆಸೆ ಹೊತ್ತು ಕಾವೇರಿಗೆ ಬರುವವರಿಗೆ



ಕೇರಳದ ಕುಟ್ಟನಾಡಿನಲ್ಲಿ ದೋಣಿಮನೆಯ ಸುಖ ಕಂಡು ಬಂದವರು ನೀವು. ಶ್ರೀರಂಗಪಟ್ಟಣದ ಸೇತುವೆ ಬಳಿ ಕಾರು ನಿಲ್ಲಿಸಿ, ತುಂಬಿದ ಹೊಳೆ ನೋಡಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತೀರಿ: ಇಷ್ಟು ನೀರಿದ್ದೂ ಇಲ್ಲೇಕೆ ದೋಣಿಮನೆ ಇಲ್ಲ? ಮಳೆ ಸುರಿಯುತ್ತಿರುವಾಗ ದೋಣಿಯಲ್ಲೇ ಉಂಡು, ಅಲ್ಲೇ ಮಲಗಿ, ಊರಿಂದ ಊರಿಗೆ ತೇಲಿಕೊಂಡು ಹೋಗುವ ನಿಮ್ಮ ಆಸೆಯನ್ನು ಹಳಿಯಲು ಈ ಪತ್ರ ಬರೆಯುತ್ತಿಲ್ಲ. ಹೊಳೆದಂಡೆಯ ಊರುಗಳನ್ನು ಮಳೆಗಾಲದಲ್ಲೇ ನೋಡಬೇಕು ಎಂಬುದು ನನ್ನ ಮಾತೂ ಹೌದು. ಖಂಡಿತ ಬನ್ನಿ, ಆದರೆ ದೋಣಿಯ ಹಂಬಲ ಬಿಟ್ಟು ಬನ್ನಿ.

ಕಾರಣ ಹೇಳುತ್ತೇನೆ. ಇಲ್ಲಿ ಹೊಳೆ ಏರಲು ನಮ್ಮೂರಿನ ಮಳೆ ಬೇಕಿಲ್ಲ. ಜುಲೈನಲ್ಲಿ ನಮಗೆ ಬೀಳುವುದು ಹೆಚ್ಚೆಂದರೆ ಸೋನೆ. ಆರಿದ್ರಾ, ಪುನರ್ವಸು ಮಳೆಗಳು ಕಾವೇರಿ ಹುಟ್ಟುವ ಕಡೆಯ ಭಾಗಮಂಡಲದಲ್ಲಿ ಹಿಡಿದುಕೊಂಡರೆ ನಮ್ಮ ಮೇಲಿನ ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್.) ತುಂಬುತ್ತದೆ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ, ಹಿಡಿಯುವುದು 49.45 ಟಿಎಂಸಿ. ಅಲ್ಲಿಗೆ ಮುಟ್ಟಿದ ಮೇಲೆ ಮೇಲಿಂದ ಬಂದ ನೀರನ್ನೆಲ್ಲ ಕೆಳಕ್ಕೆ ಬಿಡದೆ ವಿಧಿಯಿಲ್ಲ. 2025ರಲ್ಲಂತೂ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿ, 30ರಂದು ಬಾಗಿನ ಅರ್ಪಣೆಯೂ ಆಯಿತು. ಅಷ್ಟು ಬೇಗ ತುಂಬುವುದು ಅಪರೂಪ. ಹೀಗೆ ಗೇಟು ತೆಗೆದ ದಿನ ಪಟ್ಟಣದಲ್ಲಿ ಬಿಸಿಲಿದ್ದರೂ ಸ್ನಾನಘಟ್ಟದ ಮೆಟ್ಟಿಲುಗಳು ಒಂದೊಂದಾಗಿ ಮುಳುಗುತ್ತವೆ. ಅಪ್ಪನ ಅಸ್ಥಿ ತಂದವರು ಮಡಿಕೆ ಹಿಡಿದುಕೊಂಡು ಮೇಲೆಯೇ ನಿಲ್ಲಬೇಕಾಗುತ್ತದೆ. ರಂಗನತಿಟ್ಟು ಪಕ್ಷಿಧಾಮದಲ್ಲಿ ದೋಣಿ ವಿಹಾರ ನಿಲ್ಲುತ್ತದೆ. ತಗ್ಗಿನ ನಡುಗಡ್ಡೆಗಳ ಮೇಲೆ ನೀರು ಹರಿದು, ಗೂಡು ಕಟ್ಟಿದ ಹಕ್ಕಿಗಳ ಮೊಟ್ಟೆ ಮರಿ ಕೊಚ್ಚಿ ಹೋಗುವುದೂ ಉಂಟು. ಆ ಹೊಳೆಯನ್ನು ಬಲ್ಲ ಅಂಬಿಗರೇ ಹುಟ್ಟು ಕೆಳಗಿಟ್ಟು ಕೂತಿರುವಾಗ ನಿಮ್ಮ ದೋಣಿಮನೆ ಎಲ್ಲಿ ತೇಲಬೇಕು?

ನೀರು ಇಳಿದ ಮೇಲೆ ತೇಲೋಣ ಎಂದರೆ ಬಂಡೆಗಳು ಏಳುತ್ತವೆ. ಕುಟ್ಟನಾಡಿನ ನೀರು ಸಮುದ್ರಕ್ಕೆ ಸಮನಾಗಿ ನಿಂತ ನೀರು. ಕಾವೇರಿ ಇಲ್ಲಿ ಕಲ್ಲಿನಿಂದ ಕಲ್ಲಿಗೆ ಇಳಿಯುವ ಹೊಳೆ. ಅದಕ್ಕೇ ನಮ್ಮ ಹಿರಿಯರು ಅಡ್ಡಡ್ಡ ಒಡ್ಡು ಹಾಕಿ ನಾಲೆ ತಿರುಗಿಸಿದರು. ಬಲಮುರಿ, ಎಡಮುರಿಯ ಕಟ್ಟೆಗಳೂ ರಂಗನತಿಟ್ಟಿನ ನಡುಗಡ್ಡೆಗಳನ್ನು ಉಂಟುಮಾಡಿದ ಬಂಗಾರದೊಡ್ಡಿ ಕಟ್ಟೆಯೂ ಹಾಗೆ ಬಂದವು. ಕಬ್ಬಿಗೆ, ಭತ್ತಕ್ಕೆ ದಾರಿ ಕೊಟ್ಟ ಈ ಒಡ್ಡುಗಳು ದೋಣಿಗೆ ದಾರಿ ಕೊಡುವುದಿಲ್ಲ. 1799ರ ಮೇ 4ರಂದು ಇಂಗ್ಲಿಷರ ಸೇನೆ ಇದೇ ಬಂಡೆಗಳ ನಡುವೆ ಕಾಲ್ನಡಿಗೆಯಲ್ಲಿ ಹೊಳೆ ದಾಟಿ ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿತು. ಮುಂಗಾರು ಶುರುವಾದರೆ ದಾಟಲಾಗದು ಎಂಬುದು ಅವರಿಗೂ ಗೊತ್ತಿತ್ತು.

ಹಾಗಾದರೆ ದೋಣಿ ನಂಬಿ ಬದುಕುವವರು ಇಲ್ಲಿ ಯಾರೂ ಇಲ್ಲವೇ? ಇದ್ದಾರೆ. ಅವರನ್ನು ನೀವು ನೋಡಬೇಕು. ಕನ್ನಂಬಾಡಿ ಹಿನ್ನೀರಿನ ದಡದಲ್ಲಿ ಟಾರ್ಪಾಲಿನ ಗುಡಾರ ಹಾಕಿಕೊಂಡಿರುವ ಮೀನುಗಾರರ ಸಂಸಾರಗಳು ಅವು. ಅವರ ದೋಣಿ ಎಂದರೆ ತೆಪ್ಪ. ಬಿದಿರು ಸೀಳಿ ಬುಟ್ಟಿಯಂತೆ ಹೆಣೆದು, ತಳಕ್ಕೆ ಹಿಂದೆಲ್ಲ ತೊಗಲು ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ ಬಿಗಿದು ಟಾರು ಬಳಿಯುತ್ತಾರೆ. ಹತ್ತಿರ ಹೋಗಿ ನೋಡಿದರೆ ಹೆಣಿಗೆಯ ಸಂದಿಯಲ್ಲಿ ಮೀನಿನ ಪೊರೆ ಅಂಟಿರುತ್ತದೆ, ಬಲೆ ಎಳೆದೆಳೆದು ಅಂಚಿನ ಬಿದಿರು ನುಣುಪಾಗಿರುತ್ತದೆ. ಸಂಜೆ ಬಲೆ ಬಿಟ್ಟು ಬರುತ್ತಾರೆ, ಬೆಳಕು ಹರಿಯುವ ಮುಂಚೆ ಎತ್ತಲು ಹೋಗುತ್ತಾರೆ. ಗಾಳಿ ಎದ್ದರೆ ಆ ದಿನದ ಸಂಪಾದನೆ ಇಲ್ಲ. ದಡದ ಮೇಲೆ ಬೋರಲು ಹಾಕಿದ ತೆಪ್ಪದ ಕೆಳಗೆ ಮಳೆಗೆ ಮುದುರಿ ಕೂರುವ ಮಕ್ಕಳಿಗೆ ಶಾಲೆ ದೂರ. ನೀರು ಏರಿದ ಹಾಗೆ ಗುಡಾರ ಹಿಂದಕ್ಕೆ ಸರಿಯುತ್ತದೆ.

ಈ ಪತ್ರ ಬಹಿರಂಗವಾಗಿ ಬರೆಯಲು ಅವರೇ ಕಾರಣ. ನೀರಿನ ಮೇಲೆ ಪ್ರವಾಸೋದ್ಯಮ ಬೆಳೆಸಬೇಕು ಎನ್ನುವವರಿಗೂ ಇದು ತಲುಪಲಿ ಎಂದು. ಹೊರಗಿನಿಂದ ಮೋಟಾರು ದೋಣಿ ತರುವ ಮುನ್ನ, ಈಗಾಗಲೇ ನೀರಿನ ಮೇಲಿರುವ ಈ ಜನಕ್ಕೆ ಲೈಫ್ ಜಾಕೆಟ್ ಕೊಡಿ, ದಡದಲ್ಲಿ ಸೋರದ ಸೂರು ಕೊಡಿ, ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ವ್ಯವಸ್ಥೆ ಮಾಡಿ. ಗೇಟು ತೆಗೆಯುವ ಸುದ್ದಿ ಫೋನಿಲ್ಲದ ಮುದುಕನಿಗೂ ಮುಟ್ಟುವಂತೆ ಹೊಳೆ ಸಾಲಿನ ಊರೂರಲ್ಲೂ ಡಂಗುರ ಹೊಡೆಸಿ.

ನೋಡಲು ಏನಿದೆ ಎಂದು ಕೇಳುತ್ತೀರಾ? ಕೆ.ಆರ್. ಪೇಟೆ ತಾಲ್ಲೂಕಿನಿಂದ ಶುರುಮಾಡಿ. ಅಲ್ಲಿಯದು ಹೇಮಾವತಿಯ ಸೀಮೆ. ಬಂಡಿಹೊಳೆಯ ಹತ್ತಿರ ಹೇಮಗಿರಿಯ ಒಡ್ಡಿನ ಮೇಲೆ ನೀರು ಬಿಳಿ ಪರದೆಯಾಗಿ ಬೀಳುವುದನ್ನು ದಡದಿಂದಲೇ ನೋಡಿ. ನೀರಿಗೆ ಇಳಿಯಬೇಡಿ, ಪಾಚಿ ಕಟ್ಟಿದ ಕಲ್ಲು ಯಾರನ್ನೂ ಬಿಡುವುದಿಲ್ಲ. ಅಲ್ಲಿಂದ ಕೆಳಕ್ಕೆ ಅಂಬಿಗರಹಳ್ಳಿಯ ಬಳಿ ಹೇಮಾವತಿ, ಲಕ್ಷ್ಮಣತೀರ್ಥಗಳು ಕಾವೇರಿಗೆ ಸೇರುತ್ತವೆ. 2022ರ ಅಕ್ಟೋಬರ್‌ನಲ್ಲಿ ಕುಂಭಮೇಳಕ್ಕೆ ಜನಸಾಗರ ನೆರೆದ ಜಾಗ ಅದು. ಮೇಳವಿಲ್ಲದ ಮಳೆಯ ದಿನ ಹೋದರೆ ಹೊಳೆಯ ಮಾತು ಆಡಲು ದಡದಲ್ಲಿ ಯಾರಾದರೂ ಸಿಕ್ಕೇ ಸಿಗುತ್ತಾರೆ. ಹಿನ್ನೀರಿನ ಇನ್ನೊಂದು ಬದಿ, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ವೇಣುಗೋಪಾಲಸ್ವಾಮಿ ಗುಡಿಯಿದೆ. ಕಟ್ಟೆ ಕಟ್ಟಿದಾಗ ಹಳೆಯ ಊರಿನೊಂದಿಗೆ ಮುಳುಗಿದ್ದ ಗುಡಿಯ ಕಲ್ಲುಗಳನ್ನು ತಂದು ಮತ್ತೆ ಜೋಡಿಸಿದ್ದು. ನಾಲೆಯ ನೀರು ಉಣ್ಣುವ ನಾವೆಲ್ಲ ಮುಳುಗಿದ ಆ ಊರಿನ ಋಣದಲ್ಲಿದ್ದೇವೆ.

ನಾಗಮಂಗಲಕ್ಕೆ ಮಾತ್ರ ಜುಲೈನಲ್ಲಿ ಹೋಗಬೇಡಿ. ಕಾವೇರಿ ಉಕ್ಕುತ್ತಿರುವಾಗಲೂ ಅಲ್ಲಿಯ ರೈತ ಮುಗಿಲು ನೋಡುತ್ತಿರುತ್ತಾನೆ. ಅಲ್ಲಿಯದೇ ಮಳೆ ಬರುವುದು ಉತ್ತರೆ, ಹಸ್ತ, ಚಿತ್ತೆಯಲ್ಲಿ. ಆಗ ಕೆರೆಗಳು ಕೋಡಿ ಬಿದ್ದು, ಆ ತಾಲ್ಲೂಕಿನಲ್ಲೇ ಹುಟ್ಟುವ ಲೋಕಪಾವನಿಗೆ ಜೀವ ಬರುತ್ತದೆ. ಅದು ಪಾಂಡವಪುರ ಹಾದು, ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಸೇರುವವರೆಗೆ ದಂಡೆಯ ಹೊಲಗಳಲ್ಲಿ ರಾಗಿ ತೆನೆ ಹೊತ್ತಿರುತ್ತದೆ. ನಾನು ಹೇಳಿದ ಈ ನಾಲ್ಕೂ ತಾಲ್ಲೂಕುಗಳಲ್ಲಿ ನನಗೆ ಹೆಚ್ಚು ಪ್ರಿಯವಾದ ಹೊಳೆ ಇದೇ. ಇದರ ಮೇಲೆ ತೆಪ್ಪವೂ ಓಡದು, ನಡೆದೇ ನೋಡಬೇಕು.

ಬರುವುದಾದರೆ ಮೈಸೂರಿನಲ್ಲಿ ಅರಸೀಕೆರೆ ಕಡೆಯ ಪ್ಯಾಸೆಂಜರ್ ರೈಲು ಹತ್ತಿ ಅಕ್ಕಿಹೆಬ್ಬಾಳಿನಲ್ಲಿ ಇಳಿಯಿರಿ. ಊರಿನ ಪಕ್ಕದಲ್ಲೇ ಹೇಮಾವತಿ ಇದೆ. ಮೊದಲು ಊರಿನವರನ್ನು ಕೇಳಿ, ಅವರು ಎಲ್ಲಿಯವರೆಗೆ ಹೋಗಬಹುದು ಎನ್ನುತ್ತಾರೋ ಅಲ್ಲಿಗೇ ನಿಲ್ಲಿ. ಹಿನ್ನೀರಿನ ಕಡೆ ಬಂದಾಗ ಮೀನನ್ನು ಗುಡಾರದವರಿಂದಲೇ ಕೊಳ್ಳಿ, ಚೌಕಾಸಿ ಮಾಡಬೇಡಿ.

ಇಂತಿ,
ಶ್ರೀರಂಗಪಟ್ಟಣದ ಹೊಳೆದಂಡೆಯ ನಿಮ್ಮ ಗೆಳೆಯ