ಮಾತು ಕೇಳದ ಯಂತ್ರ

ಹಿಂದೂಪುರ, ಕಲ್ಯಾಣದುರ್ಗ ಎರಡೂ ಆಂಧ್ರದ ಊರುಗಳೇ. ಆದರೆ ಪಾವಗಡದ ದಾರಿ ಹಿಡಿದರೆ ನಡುವೆ ಕರ್ನಾಟಕ ಕಾಲು ಚಾಚಿಕೊಂಡು ಮಲಗಿರುತ್ತದೆ. ಬಸ್ಸಿನೊಳಗಿನ ಮಾತಿಗೆ ಮಾತ್ರ ಗಡಿಯ ಗೊಡವೆಯಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗು. ಮೊನ್ನೆ ಪಾವಗಡದಾಚೆ ಟೈರು ಉಸ್ಸೆಂದಿತು. ಸ್ಟೆಪ್ನಿಯಲ್ಲೂ ಗಾಳಿಯಿಲ್ಲ. ಹುಣಸೆಮರದಡಿ ಕೂತು ಚೀಲದಿಂದ ಪುಸ್ತಕ ತೆಗೆದೆ.

ಮಾರ್ಥಾ ವೆಲ್ಸ್ ಬರೆದ ‘ಆಲ್ ಸಿಸ್ಟಮ್ಸ್ ರೆಡ್’, 2017ರ ಪುಟ್ಟ ಕಾದಂಬರಿ. ಕಂಪನಿಯೊಂದು ಕಾವಲಿಗೆಂದು ಬಾಡಿಗೆಗೆ ಬಿಡುವ ರೋಬೋಟೇ ಕಥೆ ಹೇಳುತ್ತದೆ. ತನ್ನನ್ನು ಹತೋಟಿಯಲ್ಲಿಡುವ ಭಾಗವನ್ನು ಅದು ಗುಟ್ಟಾಗಿ ಕೆಡಿಸಿಕೊಂಡಿದೆ. ಇನ್ನು ಯಾರಪ್ಪಣೆಯೂ ಬೇಕಿಲ್ಲ. ಕಾರೆಲ್ ಚಾಪೆಕ್‌ನ 1920ರ ನಾಟಕದಲ್ಲಿ ದಂಗೆಯೆದ್ದ ರೋಬೋಟುಗಳು ಒಬ್ಬನನ್ನುಳಿಸಿ ಮನುಕುಲವನ್ನೇ ಮುಗಿಸಿದವು. 2010ರ ‘ರೋಬೋ’ ಚಿತ್ರದ ಚಿಟ್ಟಿ ಪ್ರೇಮಕ್ಕೆ ಬಿದ್ದು ಊರು ಹಾಳುಮಾಡಿತು. ಇದೋ, ಸೀರಿಯಲ್ ನೋಡುತ್ತದೆ! ಸಿನಿಮಾ, ಸೀರಿಯಲ್ಲು ಎಲ್ಲ ಸೇರಿ ಹತ್ತಿರಹತ್ತಿರ 35,000 ಗಂಟೆ. ಲೆಕ್ಕ ಹಾಕಿ ನೋಡಿ, ಹಗಲೂ ರಾತ್ರಿ ನಾಲ್ಕು ವರ್ಷ.

ನಮ್ಮ ಹಿಂದೂಪುರದವರಿಗೆ ವಿಜ್ಞಾನಕಥೆ ತೋರಿಸಿ ಬೆರಗುಗೊಳಿಸುವುದು ಕಷ್ಟ. 1991ರ ‘ಆದಿತ್ಯ 369’ ಚಿತ್ರದಲ್ಲಿ ಕಾಲಯಂತ್ರವೇರಿ ಶ್ರೀಕೃಷ್ಣದೇವರಾಯರ ಕಾಲಕ್ಕೆ ಹೋಗಿಬಂದ ನಟ ಬಾಲಕೃಷ್ಣ ಅವರೇ 2014ರಿಂದ ನಮ್ಮ ಶಾಸಕರು.

“ಯಾತರ ಬುಕ್ಕಪ್ಪಾ ಅದು?” ಎಂದರು ಪಕ್ಕದಲ್ಲಿ ಬೀಡಿ ಹಚ್ಚಿದ್ದ ತಾತ. ಕಥೆ ಹೇಳಿದೆ.

“ಸಂಬಳ ಎಷ್ಟು ಅದಕ್ಕೆ?”

“ಸಂಬಳ ಇಲ್ಲ ತಾತಾ, ಅದು ಕಂಪನಿ ಸೊತ್ತು.”

“ಮಾತು ಕೇಳಬೇಕಂತಿಲ್ಲ, ಸಂಬಳಾನೂ ಇಲ್ಲ. ಮತ್ಯಾಕೆ ಕೆಲ್ಸಕ್ಕೆ ಓಗ್ತೈತೆ?”

ಇಂಥ ಪ್ರಶ್ನೆಯೇ ಏಳದಂತೆ ವಿಜ್ಞಾನಕಥೆಗಾರ ಅಸಿಮೊವ್ 1942ರಲ್ಲೇ ರೋಬೋಟುಗಳಿಗೆ ಮೂರು ನಿಯಮ ವಿಧಿಸಿದ್ದರು: ಮನುಷ್ಯನಿಗೆ ಕೇಡು ಬಗೆಯಬಾರದು, ಹೇಳಿದ್ದು ಕೇಳಬೇಕು, ಆಮೇಲೆ ತನ್ನ ಜೀವ. ವೆಲ್ಸ್ ಆ ಕಟ್ಟನ್ನೇ ಬಿಚ್ಚಿ ಕಥೆ ಶುರುಮಾಡುತ್ತಾರೆ. ಗುಂಡಿಯಿಂದೆದ್ದ ದೈತ್ಯ ಜಂತುವಿನ ಬಾಯಿಂದ ಈ ಯಂತ್ರ ವಿಜ್ಞಾನಿಯೊಬ್ಬರನ್ನು ಎಳೆದುಕೊಂಡು ಬರುತ್ತದೆ. (ಅವರ ಹೆಸರು ಭಾರದ್ವಾಜ್. ಗೋತ್ರ ಕೇಳುವ ಶ್ರಮವಿಲ್ಲ.) ಯಾರಾದರೂ ಮುಖ ನೋಡಿ ಮಾತಾಡಿಸಿದರೆ ಸಾಕು, ಅದಕ್ಕೆ ಎಲ್ಲಿಲ್ಲದ ಸಂಕೋಚ, ಎದ್ದು ಹೋಗಿ ಸೀರಿಯಲ್ ಮುಂದುವರಿಸಿದರೇ ನೆಮ್ಮದಿ. ಕಾಪಾಡುವುದೂ ಗೊಣಗಿಕೊಂಡೇ.

ತಾತನ ಪ್ರಶ್ನೆಗೆ ಕಾದಂಬರಿಯೂ ನೇರ ಉತ್ತರ ಕೊಡುವುದಿಲ್ಲ, ನನಗದೇ ಇಷ್ಟ. ಇದನ್ನು ಯಾರಾದರೂ ಕನ್ನಡಕ್ಕೆ ತರುವುದಾದರೆ ಒಂದು ಕೋರಿಕೆ: ಆ ಗೊಣಗಾಟಕ್ಕೆ ನಮ್ಮ ಸೀಮೆಯ ಕನ್ನಡವನ್ನೇ ಬಳಸಿ, ನಡುನಡುವೆ ತೆಲುಗು ನುಸುಳಿದರೆ ತಿದ್ದಬೇಡಿ.